ಸ್ತನ ಕ್ಯಾನ್ಸರ್ ಮೂಳೆಗೆ ಇಳಿದಾಗ ಒಳಗೆ ನಡೆಯುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ತನದ ಕ್ಯಾನ್ಸರ್ ಮೂಳೆಗೆ ಹೋದರೆ ಅದು ‘ಮೂಳೆ ಕ್ಯಾನ್ಸರ್’ ಆಗುತ್ತದೆಯೇ?

ಇಲ್ಲ. ಬೆನ್ನುಮೂಳೆಯಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಲ್ಲಿ ಕಾಣುವುದು ಸ್ತನದಿಂದ ಬಂದ ಕೋಶಗಳೇ. ಮನೆ ಬದಲಾಗಿದೆ, ಕುಲ ಬದಲಾಗಿಲ್ಲ. ಆದ್ದರಿಂದ ಕೊಡುವ ಮುಖ್ಯ ಔಷಧಿಯೂ ಸ್ತನ ಕ್ಯಾನ್ಸರಿನದೇ, ಮೂಳೆಯಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾದಂಥ ಗೆಡ್ಡೆಯದಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಮೊದಲ ಗೆಡ್ಡೆಯಲ್ಲಿದ್ದ ಈಸ್ಟ್ರೋಜೆನ್ ಗ್ರಾಹಕ (ಆ ಹಾರ್ಮೋನ್ ಬಂದು ಕೂರುವ ಪ್ರೋಟೀನು), ಹರ್-2 ಮುಂತಾದ ಗುರುತುಗಳು ಮೂಳೆಗೆ ಹೋದ ಕೋಶಗಳಲ್ಲಿ ಕೆಲವೊಮ್ಮೆ ಬೇರೆಯಾಗಿರುತ್ತವೆ. ಸಾಧ್ಯವಿದ್ದರೆ ಮೂಳೆಯ ಬಯಾಪ್ಸಿ ಮಾಡಿ ಮತ್ತೆ ಪರೀಕ್ಷಿಸುವುದು ಒಳ್ಳೆಯದು. ಆದರೆ ಮೂಳೆ ಗಟ್ಟಿ ವಸ್ತು. ತೆಳುವಾಗಿ ಕತ್ತರಿಸಲು ಅದರ ಸುಣ್ಣವನ್ನು ಮೊದಲು ತೆಗೆಯಬೇಕು. ಬೇಗ ಆಗಲಿ ಎಂದು ಕಡು ಆಮ್ಲದಲ್ಲಿ ನೆನೆಸಿದರೆ ಗ್ರಾಹಕಗಳ ಪ್ರೋಟೀನು, ಡಿಎನ್ಎ ಎರಡೂ ಹಾಳಾಗಿ, ನಿಜಕ್ಕೂ ಪಾಸಿಟಿವ್ ಇರುವುದು ನೆಗೆಟಿವ್ ಎಂದು ಬರಬಹುದು. ಆಮ್ಲದ ಬದಲು ಬಳಸುವ ಇಡಿಟಿಎ ದ್ರಾವಣ ನಿಧಾನ, ಆದರೆ ಮಾದರಿಯನ್ನು ಕೆಡಿಸುವುದಿಲ್ಲ. ಮೊದಲ ಗೆಡ್ಡೆ ಪಾಸಿಟಿವ್ ಇದ್ದು ಮೂಳೆಯ ವರದಿ ನೆಗೆಟಿವ್ ಬಂದಿದ್ದರೆ, ಸುಣ್ಣ ತೆಗೆಯಲು ಏನು ಬಳಸಿದರು ಎಂದು ಕೇಳಿ.

ಹಾಗಾದರೆ ಮೂಳೆಯನ್ನು ಕ್ಯಾನ್ಸರ್ ಕೋಶಗಳೇ ತಿನ್ನುತ್ತವೆಯೇ?

ಬಹುಪಾಲು ತಿನ್ನುವುದು ಅವಲ್ಲ. ಈ ಪುಟದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಮೂಳೆಯನ್ನು ಕರಗಿಸುವುದು ನಮ್ಮದೇ ದೇಹದ ಆಸ್ಟಿಯೋಕ್ಲಾಸ್ಟ್ ಎಂಬ ಕೋಶ. ಕ್ಯಾನ್ಸರ್ ಕೋಶ ಪಕ್ಕದಲ್ಲಿ ಕೂತು ಅದರ ಕೈಯಲ್ಲಿ ಕೆಲಸ ಮಾಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಅಕ್ಷರಶಃ ಹಾಗೆಯೇ. ರೋಗ ಇಳಿದ ಮೂಳೆಯ ಮೇಲ್ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆಸ್ಟಿಯೋಕ್ಲಾಸ್ಟ್ ಕೊರೆದಾಗ ಉಂಟಾಗುವ ಬಟ್ಟಲಿನಾಕಾರದ ಗುಳಿಗಳೇ ಸಾಲುಸಾಲಾಗಿ ಕಾಣುತ್ತವೆ.

ಇದು ಬರೀ ಪುಸ್ತಕದ ಮಾತಲ್ಲ. ತಿನ್ನುವ ಕೋಶ ಬೇರೆ, ತಿನ್ನಿಸುವ ಕೋಶ ಬೇರೆ ಆಗಿರುವುದರಿಂದಲೇ ಕ್ಯಾನ್ಸರಿಗೆ ಒಂದು ಔಷಧಿ, ಮೂಳೆಗೆ ಇನ್ನೊಂದು ಸೂಜಿ ಎಂದು ಎರಡೆರಡು ಚಿಕಿತ್ಸೆ ನಡೆಯುತ್ತದೆ. ‘ಕೀಮೋ ನಡೀತಿದೆಯಲ್ಲ, ಮತ್ತೆ ಈ ಸೂಜಿ ಯಾಕೆ’ ಎಂದು ಅದನ್ನು ಬಿಟ್ಟವರಿಗೆ ಆಗುವ ನಷ್ಟದ ಮೂಲವೂ ಇದೇ ತಿಳಿವಳಿಕೆಯ ಕೊರತೆ.

ಆಸ್ಟಿಯೋಕ್ಲಾಸ್ಟ್ ಆರೋಗ್ಯವಂತರಲ್ಲೂ ಇರುತ್ತದೆಯೇ?

ಇರಲೇಬೇಕು. ಮೂಳೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು 10 ಶೇಕಡಾ ಹಳೆಯದು ಹೋಗಿ ಹೊಸದಾಗುತ್ತದೆ. ಸವೆದ ಜಾಗವನ್ನು ಆಸ್ಟಿಯೋಕ್ಲಾಸ್ಟ್ ಕೆರೆದು ತೆಗೆಯುತ್ತದೆ, ಹಿಂದೆಯೇ ಆಸ್ಟಿಯೋಬ್ಲಾಸ್ಟ್ ಎಂಬ ಕಟ್ಟುವ ಕೋಶ ಬಂದು ತುಂಬುತ್ತದೆ. ಮೂಳೆಯೊಳಗೆ ಹೂತು ಕೂತ ಆಸ್ಟಿಯೋಸೈಟ್‌ಗಳು ಎಲ್ಲಿ ಬಿರುಕು ಬಿಟ್ಟಿದೆ ಎಂದು ಸುಳಿವು ಕೊಡುವ ಕಾವಲುಗಾರರು. ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇವೇ.

ಕೆಡವುವುದು ಬೇಗ, ಕಟ್ಟುವುದು ನಿಧಾನ. ಒಂದು ಗುಳಿ ತೋಡಲು ಎರಡು ಮೂರು ವಾರ ಸಾಕು, ಅದನ್ನು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಹಾಗಾಗಿ ಕೆಡವುವ ವೇಗ ಸ್ವಲ್ಪ ಹೆಚ್ಚಿದರೂ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ.

ಒಂದು ಮೃದುವಾದ ಕೋಶ ಅಷ್ಟು ಗಟ್ಟಿ ಮೂಳೆಯನ್ನು ಹೇಗೆ ಕರಗಿಸುತ್ತದೆ?

ರಕ್ತದ ಬಿಳಿಕೋಶಗಳಲ್ಲಿ ಒಂದಾದ ಮಾನೋಸೈಟ್ ವಂಶದ ಹಲವು ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಆಸ್ಟಿಯೋಕ್ಲಾಸ್ಟ್ ಆಗುತ್ತದೆ. ಅದಕ್ಕೇ ಅದರಲ್ಲಿ ಒಂದಲ್ಲ, ಹತ್ತಾರು ಕೋಶಕೇಂದ್ರಗಳು. ಗಾತ್ರ ಸಾಮಾನ್ಯವಾಗಿ 50ರಿಂದ 100 ಮೈಕ್ರೋಮೀಟರ್. ಕೋಶಗಳ ಲೋಕದಲ್ಲಿ ಇದು ಆನೆಯೇ ಸರಿ.

ಅದು ಮೊದಲು ಮೂಳೆಗೆ ಅಂಟಿಕೊಳ್ಳುತ್ತದೆ. ಆಲ್ಫಾ-ವಿ-ಬೀಟಾ-3 ಎಂಬ ಇಂಟೆಗ್ರಿನ್ ಅಂಟು, ಒಳಗೆ ಆಕ್ಟಿನ್ ಎಳೆಗಳ ಉಂಗುರ. ಗೋಡೆಗೆ ಒತ್ತಿ ಹಿಡಿದ ರಬ್ಬರ್ ಬಟ್ಟಲನ್ನು ನೆನೆಸಿಕೊಳ್ಳಿ: ಅಂಚು ಬಿಗಿಯಾಗಿ ಕೂತು, ಒಳಗಿನ ಚಿಕ್ಕ ಜಾಗ ಹೊರಗಿನಿಂದ ಪೂರ್ತಿ ಬೇರೆಯಾಗುತ್ತದೆ. ಆ ಮುಚ್ಚಿದ ಜಾಗದ ಕಡೆ ಕೋಶದ ಪೊರೆ ನೆರಿಗೆ ನೆರಿಗೆಯಾಗಿ ಹರಡುತ್ತದೆ, ಸೀರೆಯ ನೆರಿಗೆಯ ಹಾಗೆ, ಇದ್ದಷ್ಟು ಜಾಗದಲ್ಲೇ ಹೆಚ್ಚು ಮೇಲ್ಮೈ ಸಿಗಲೆಂದು.

ಇಲ್ಲಿಂದ ರಸಾಯನ ಕ್ರಿಯೆ. ಕೋಶದೊಳಗೆ ಕಾರ್ಬಾನಿಕ್ ಅನ್‌ಹೈಡ್ರೇಸ್-2 ಎಂಬ ಕಿಣ್ವ ನೀರು ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಹೈಡ್ರೋಜನ್ ಅಯಾನುಗಳನ್ನು ಮಾಡಿಕೊಡುತ್ತದೆ. ನೆರಿಗೆಯ ಪೊರೆಯಲ್ಲಿರುವ ಪ್ರೋಟಾನ್ ಪಂಪು ಅವನ್ನು ಹೊರಗೆ ತಳ್ಳುತ್ತದೆ, ಹಿಂದೆಯೇ ಕ್ಲೋರೈಡ್ ಹೋಗುತ್ತದೆ. ಎರಡೂ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಿದ ಜಾಗದ ಪಿಎಚ್ 4.5ರ ಆಸುಪಾಸಿಗೆ ಇಳಿದು ಮೂಳೆಯ ಸುಣ್ಣ, ಅಂದರೆ ಹೈಡ್ರಾಕ್ಸಿಅಪಟೈಟ್, ಕರಗುತ್ತದೆ. ಸುಣ್ಣ ಹೋದ ಮೇಲೆ ಉಳಿಯುವುದು ಕೊಲಾಜೆನ್ ನಾರು. ಅದನ್ನು ಕ್ಯಾಥೆಪ್ಸಿನ್-ಕೆ ಎಂಬ ಕಿಣ್ವ ತುಂಡರಿಸುತ್ತದೆ. ಆ ತುಂಡುಗಳೇ ರಕ್ತ ಮತ್ತು ಮೂತ್ರದಲ್ಲಿ ಸಿಟಿಎಕ್ಸ್, ಎನ್‌ಟಿಎಕ್ಸ್ ಎಂಬ ಹೆಸರಿನಲ್ಲಿ ಅಳೆಯಲು ಸಿಗುವುದು.

ಈ ಕೊಂಡಿಗಳಲ್ಲಿ ಒಂದು ತಪ್ಪಿದರೂ ಕೆಲಸ ನಿಲ್ಲುತ್ತದೆ. ಹುಟ್ಟಿನಿಂದಲೇ ಕಾರ್ಬಾನಿಕ್ ಅನ್‌ಹೈಡ್ರೇಸ್-2 ಇಲ್ಲದ ಮಕ್ಕಳ ಮೂಳೆ ಕರಗದೆ ಕಲ್ಲಿನಂತೆ ದಟ್ಟವಾಗುತ್ತದೆ. ಹಾಗಾದರೂ ಸುಲಭಕ್ಕೆ ಮುರಿಯುತ್ತದೆ.

ಆಸ್ಟಿಯೋಕ್ಲಾಸ್ಟ್‌ಗೆ ‘ಶುರು ಮಾಡು’ ಎಂದು ಹೇಳುವವರು ಯಾರು?

ಸಹಜವಾಗಿ ಹೇಳುವುದು ಕಟ್ಟುವ ಕೋಶಗಳು ಮತ್ತು ಆಸ್ಟಿಯೋಸೈಟ್‌ಗಳೇ. ಅವುಗಳ ಮೈಮೇಲೆ ರ‍್ಯಾಂಕ್-ಎಲ್ ಎಂಬ ಪ್ರೋಟೀನು ಮೂಡುತ್ತದೆ. ಆಸ್ಟಿಯೋಕ್ಲಾಸ್ಟ್ ಆಗಬೇಕಾದ ಮರಿಕೋಶದ ಮೇಲೆ ಅದಕ್ಕೆ ಹೊಂದುವ ರ‍್ಯಾಂಕ್ ಎಂಬ ಗ್ರಾಹಕ ಇರುತ್ತದೆ. ಬೀಗಕ್ಕೆ ಕೀಲಿ ಕೂತರೆ ಮರಿಗಳು ಬೆಸೆದುಕೊಂಡು ದೊಡ್ಡದಾಗುತ್ತವೆ, ಕೊರೆಯಲು ಶುರು ಮಾಡುತ್ತವೆ, ಹೆಚ್ಚು ದಿನ ಬದುಕುತ್ತವೆ. ಅದೇ ಕಟ್ಟುವ ಕೋಶಗಳು ಆಸ್ಟಿಯೋಪ್ರೋಟೆಜೆರಿನ್, ಚಿಕ್ಕದಾಗಿ ಓಪಿಜಿ, ಎಂಬ ಇನ್ನೊಂದನ್ನೂ ಬಿಡುತ್ತವೆ. ಇದು ಕೀಲಿಗೆ ತಾನೇ ಅಂಟಿಕೊಂಡು, ಅದು ಬೀಗಕ್ಕೆ ಹೋಗದಂತೆ ತಡೆಯುತ್ತದೆ. ಮೂಳೆ ಉಳಿಯುತ್ತದೋ ಕರಗುತ್ತದೋ ಎಂಬುದು ಬಹುಮಟ್ಟಿಗೆ ಈ ಎರಡರ ತಕ್ಕಡಿ ಯಾವ ಕಡೆ ತೂಗುತ್ತದೆ ಎನ್ನುವುದರ ಮೇಲೆ.

ಓಪಿಜಿ ಗೊತ್ತಾದದ್ದು 1997ರಲ್ಲಿ, ರ‍್ಯಾಂಕ್-ಎಲ್‌ನ ಈ ಪಾತ್ರ 1998ರಲ್ಲಿ. ಹನ್ನೆರಡೇ ವರ್ಷದಲ್ಲಿ, 2010ಕ್ಕೆ, ಅದನ್ನು ತಡೆಯುವ ಡೆನೋಸುಮಾಬ್ ಎಂಬ ಔಷಧಿ ರೋಗಿಗಳ ಕೈಗೆ ಬಂತು. ವೈದ್ಯವಿಜ್ಞಾನದಲ್ಲಿ ಇದು ಬಹಳ ಬೇಗ.

ಕ್ಯಾನ್ಸರ್ ಕೋಶ ಈ ತಕ್ಕಡಿಯನ್ನು ಹೇಗೆ ವಾಲಿಸುತ್ತದೆ?

ಮುಖ್ಯ ಆಯುಧ ಪಿಟಿಎಚ್‌ಆರ್‌ಪಿ ಎಂಬ ಪ್ರೋಟೀನು. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನು ಹೋಲುವುದರಿಂದ ಅದೇ ಗ್ರಾಹಕಕ್ಕೆ ಕೂರುತ್ತದೆ. 1987ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಕ್ಯಾನ್ಸರ್ ಕೋಶಗಳಿಂದಲೇ.

ಆದರೆ ಇದು ಕ್ಯಾನ್ಸರ್ ಹೊಸದಾಗಿ ಕಂಡುಹಿಡಿದ ಆಯುಧವಲ್ಲ. ಹಾಲೂಡಿಸುವ ತಾಯಿಯ ಸ್ತನ ಇದೇ ಪಿಟಿಎಚ್‌ಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಅದು ಮೂಳೆಗೆ ಹೋಗಿ ‘ಮಗುವಿನ ಹಾಲಿಗೆ ಕ್ಯಾಲ್ಸಿಯಂ ಬೇಕು, ಸ್ವಲ್ಪ ಬಿಡು’ ಎಂದು ಕೇಳುತ್ತದೆ. ಬಾಣಂತಿಯ ಬೆನ್ನುಮೂಳೆಯ ಸಾಂದ್ರತೆ ಆ ತಿಂಗಳುಗಳಲ್ಲಿ ಕೆಲವು ಶೇಕಡಾ ಇಳಿದು, ಮಗು ಹಾಲು ಬಿಟ್ಟ ಮೇಲೆ ತಾನಾಗಿ ತುಂಬಿಕೊಳ್ಳುತ್ತದೆ. ಸ್ತನಕ್ಕೂ ಮೂಳೆಗೂ ಮೊದಲಿನಿಂದಲೂ ಇರುವ ಈ ಮಾತುಕತೆಯನ್ನೇ ಕ್ಯಾನ್ಸರ್ ಕೋಶ ಕದ್ದು ಬಳಸುತ್ತದೆ. ವ್ಯತ್ಯಾಸ ಒಂದೇ: ಮಗು ಹಾಲು ಬಿಟ್ಟಾಗ ತಾಯಿಯಲ್ಲಿ ಅದು ನಿಲ್ಲುತ್ತದೆ, ಇಲ್ಲಿ ನಿಲ್ಲಿಸುವವರು ಇಲ್ಲ.

ಮೂಳೆಯೊಳಗೆ ಕ್ಯಾನ್ಸರ್ ಕೋಶ ಬಿಟ್ಟ ಪಿಟಿಎಚ್‌ಆರ್‌ಪಿ ನೇರವಾಗಿ ಆಸ್ಟಿಯೋಕ್ಲಾಸ್ಟ್‌ಗೆ ತಟ್ಟುವುದಿಲ್ಲ. ಕಟ್ಟುವ ಕೋಶಕ್ಕೆ ತಟ್ಟಿ, ಅದರಲ್ಲಿ ರ‍್ಯಾಂಕ್-ಎಲ್ ಏರಿಸಿ, ಓಪಿಜಿ ಇಳಿಸುತ್ತದೆ. ಜೊತೆಗೆ ಇಂಟರ್‌ಲ್ಯೂಕಿನ್-6, 8, 11, ಪ್ರೋಸ್ಟಾಗ್ಲಾಂಡಿನ್ ಇ-2 ಎಂಬ ಸಂದೇಶದ ಅಣುಗಳೂ ಕೊರೆಯುವ ಕಡೆಗೇ ತಳ್ಳುತ್ತವೆ. ಇನ್ನೊಂದು ಬದಿಯಲ್ಲಿ ಡಿಕೆಕೆ-1 ಎಂಬುದು ಕಟ್ಟುವ ಕೋಶ ಬಲಿಯದಂತೆ ತಡೆಯುತ್ತದೆ. ಕೊರೆಯುವುದು ಹೆಚ್ಚಾಯಿತು, ತುಂಬುವವರು ಕಡಿಮೆಯಾದರು.

‘ವಿಷವರ್ತುಲ’ ಎನ್ನುವುದು ಯಾವುದನ್ನು?

ಮೂಳೆ ಕಟ್ಟುವಾಗ ಅದರ ಗಾರೆಯೊಳಗೆ ಟಿಜಿಎಫ್-ಬೀಟಾ, ಐಜಿಎಫ್ ಮುಂತಾದ ಬೆಳವಣಿಗೆಯ ಪ್ರೋಟೀನುಗಳು ಹೂತು ಹೋಗಿರುತ್ತವೆ. ಗುಳಿ ತೋಡಿದ ಮೇಲೆ ತುಂಬುವವರನ್ನು ಕರೆಯಲು ಇವು ಬೇಕು. ಕ್ಯಾನ್ಸರ್ ಇರುವ ಕಡೆ ಆಸ್ಟಿಯೋಕ್ಲಾಸ್ಟ್ ಅತಿಯಾಗಿ ಕೊರೆದಾಗ ಇವೆಲ್ಲ ಒಮ್ಮೆಗೇ ಹೊರಬಿದ್ದು ಕ್ಯಾನ್ಸರ್ ಕೋಶಕ್ಕೆ ಗೊಬ್ಬರವಾಗುತ್ತವೆ. ಟಿಜಿಎಫ್-ಬೀಟಾ ತಟ್ಟಿದ ಕ್ಯಾನ್ಸರ್ ಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಬಿಡುತ್ತದೆ. ಅದರಿಂದ ಇನ್ನಷ್ಟು ರ‍್ಯಾಂಕ್-ಎಲ್, ಇನ್ನಷ್ಟು ಆಸ್ಟಿಯೋಕ್ಲಾಸ್ಟ್, ಇನ್ನಷ್ಟು ಗೊಬ್ಬರ. ಐಜಿಎಫ್ ಕ್ಯಾನ್ಸರ್ ಕೋಶವನ್ನು ಸಾಯದಂತೆ ಕಾಯುತ್ತದೆ.

ಗಾಣದ ಎತ್ತಿನಂತೆ ತಿರುಗುವ ಈ ವರ್ತುಲವನ್ನು ಎಲ್ಲಿ ಕತ್ತರಿಸಿದರೂ ಲಾಭವಿದೆ. ಈಗ ಕೈಯಲ್ಲಿರುವ ಮೂಳೆಯ ಔಷಧಿಗಳು ಆಸ್ಟಿಯೋಕ್ಲಾಸ್ಟ್ ಇರುವ ತುದಿಯಲ್ಲಿ ಕತ್ತರಿಸುತ್ತವೆ. ಆದರೆ ಇಡೀ ರೋಗ ಈ ವರ್ತುಲವೊಂದರಲ್ಲೇ ಇದೆ ಎಂದು ತಿಳಿಯಬಾರದು. ವರ್ತುಲ ಶುರುವಾಗುವ ಮೊದಲೇ ಡೆನೋಸುಮಾಬ್ ಕೊಟ್ಟು ಹರಡುವುದನ್ನು ತಡೆಯಬಹುದೇ ಎಂದು ಸುಮಾರು 4,500 ಮಹಿಳೆಯರಲ್ಲಿ ನಡೆಸಿದ ಡಿ-ಕೇರ್ ಅಧ್ಯಯನದಲ್ಲಿ ಆ ಲಾಭ ಸಿಗಲಿಲ್ಲ.

ಬೇರೆಲ್ಲ ಬಿಟ್ಟು ಮೂಳೆಯೇ ಯಾಕೆ?

ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಈ ಪ್ರಶ್ನೆ ಎತ್ತಿದ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ, ರೋಗ ಕಂಡಕಂಡಲ್ಲಿ ಬೀಳುತ್ತಿಲ್ಲ, ಆರಿಸಿದಂತೆ ಕೆಲವು ಅಂಗಗಳಿಗೇ ಹೋಗುತ್ತಿದೆ ಎಂದು ಗುರುತಿಸಿದ. ಬೀಜ ಎಲ್ಲ ದಿಕ್ಕಿಗೂ ಹೋಗುತ್ತದೆ, ಹದವಾದ ಮಣ್ಣಿಗೆ ಬಿದ್ದದ್ದು ಮಾತ್ರ ಮೊಳೆಯುತ್ತದೆ ಎಂಬುದು ಅವನ ವಾದ.

ಮೂಳೆಯ ಮಣ್ಣು ನಿಜಕ್ಕೂ ಹದವಾದದ್ದು. ಮಜ್ಜೆಯ ರಕ್ತನಾಳಗಳು ಅಗಲ, ಅಲ್ಲಿ ರಕ್ತದ ಓಟ ನಿಧಾನ, ಗೋಡೆಯಲ್ಲಿ ಸಂದು ಹೆಚ್ಚು. ಮಜ್ಜೆಯ ಕೋಶಗಳು ಸಿಎಕ್ಸ್‌ಸಿಎಲ್-12 ಎಂಬ ಕರೆಯುವ ಪ್ರೋಟೀನು ಬಿಡುತ್ತವೆ. ಸ್ತನ ಕ್ಯಾನ್ಸರ್ ಕೋಶದ ಮೇಲೆ ಅದನ್ನು ಹಿಡಿಯುವ ಸಿಎಕ್ಸ್‌ಸಿಆರ್-4 ಇರುತ್ತದೆ. ರಕ್ತದ ಕಾಂಡಕೋಶಗಳು ಮನೆಗೆ ಮರಳಲು ಬಳಸುವ ದಾರಿಯೇ ಇದು. ಜೊತೆಗೆ ಬೆನ್ನುಮೂಳೆಯ ಸುತ್ತಲಿನ ಅಭಿಧಮನಿಗಳಲ್ಲಿ ಕವಾಟಗಳಿಲ್ಲ. 1940ರಲ್ಲಿ ಅಮೆರಿಕದ ಅಂಗರಚನಾ ತಜ್ಞ ಬ್ಯಾಟ್ಸನ್ ತೋರಿಸಿದಂತೆ, ಕೆಮ್ಮಿದಾಗ, ತಿಣುಕಿದಾಗ ಅಲ್ಲಿ ರಕ್ತ ಹಿಂದಕ್ಕೂ ಹರಿಯುತ್ತದೆ.

ಕೆಂಪು ಮಜ್ಜೆ ಇರುವ ಕಡೆ ರೋಗ ಹೆಚ್ಚು: ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆ, ತಲೆಬುರುಡೆ, ತೊಡೆಮೂಳೆ ಮತ್ತು ತೋಳಿನ ಮೂಳೆಯ ಮೇಲ್ತುದಿ. ಮೊಣಕಾಲು, ಮೊಣಕೈಗಳಿಂದ ಕೆಳಗೆ ಅಪರೂಪ. ಮುಂದುವರಿದ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರ ಶವಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 70 ಮಂದಿಯ ಮೂಳೆಯಲ್ಲಿ ರೋಗ ಕಂಡಿದೆ. ಹಾರ್ಮೋನ್ ಗ್ರಾಹಕ ಪಾಸಿಟಿವ್ ಇರುವ ಬಗೆ ಮೂಳೆಗೆ ಹೆಚ್ಚು ಒಲಿಯುತ್ತದೆ.

ಹತ್ತು ವರ್ಷ ಆರಾಮಾಗಿದ್ದು ಆಮೇಲೆ ಮೂಳೆಯಲ್ಲಿ ಕಂಡರೆ, ಇಷ್ಟು ದಿನ ಎಲ್ಲಿತ್ತು?

ಬಹಳ ಸಲ ಅಲ್ಲೇ ಇತ್ತು. ಆಪರೇಷನ್ನಿಗೆ ಮೊದಲೇ ಒಂದೆರಡು ಕೋಶ ಮಜ್ಜೆಗೆ ಹೋಗಿ, ಚಿಕ್ಕ ರಕ್ತನಾಳಗಳ ಗೋಡೆಯ ಬಳಿಯೋ ಮೂಳೆಯ ಒಳಮೈಯಲ್ಲೋ ಅಂಟಿಕೊಂಡು ವಿಭಜನೆ ನಿಲ್ಲಿಸಿ ಕೂತಿರುತ್ತವೆ. ಕೀಮೋ ಹೆಚ್ಚಾಗಿ ಕೊಲ್ಲುವುದು ವಿಭಜನೆಯಾಗುತ್ತಿರುವ ಕೋಶವನ್ನು, ನಿದ್ದೆಯಲ್ಲಿರುವುದು ತಪ್ಪಿಸಿಕೊಳ್ಳುತ್ತದೆ. ಸುತ್ತಲ ಮೂಳೆಯ ಕೆಡವುವ ಕೆಲಸ ಚುರುಕಾದಾಗ ಅದು ಎಚ್ಚರಗೊಳ್ಳಬಹುದು. ಚಿಕಿತ್ಸೆ ಸರಿಯಾಗಿ ಆಗಲಿಲ್ಲ ಎಂದೋ ತಮ್ಮಿಂದ ಪಥ್ಯ ತಪ್ಪಿತು ಎಂದೋ ಕೊರಗುವವರು ಬಹಳ. ಹಾಗೆ ಕೊರಗಬೇಕಾದ ಕಾರಣ ಇಲ್ಲಿ ಇಲ್ಲ.

ವರದಿಯಲ್ಲಿ ‘ಲೈಟಿಕ್’, ‘ಸ್ಕ್ಲೆರೋಟಿಕ್’ ಎಂದಿದೆ. ಏನು ವ್ಯತ್ಯಾಸ?

ಲೈಟಿಕ್ ಎಂದರೆ ಕರಗಿ ತೂತಾದದ್ದು, ಸ್ಕ್ಲೆರೋಟಿಕ್ ಎಂದರೆ ಮೂಳೆ ಅಡ್ಡಾದಿಡ್ಡಿ ಬೆಳೆದು ದಟ್ಟವಾದದ್ದು. ಸ್ತನ ಕ್ಯಾನ್ಸರಿನಲ್ಲಿ ಲೈಟಿಕ್ ಹೆಚ್ಚು, ಎರಡೂ ಬೆರೆತದ್ದೂ ಸಾಮಾನ್ಯ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ದಟ್ಟವಾಗುವುದೇ ಹೆಚ್ಚು. ದಟ್ಟ ಎಂದರೆ ಗಟ್ಟಿ ಎಂದಲ್ಲ. ಅವಸರದಲ್ಲಿ ಕಟ್ಟಿದ ಮೂಳೆಯಲ್ಲಿ ಕೊಲಾಜೆನ್ ನಾರುಗಳು ಸಾಲಾಗಿ ಕೂತಿರುವುದಿಲ್ಲ.

ಚಿಕಿತ್ಸೆ ಕೆಲಸ ಮಾಡಿದಾಗಲೂ ತೂತುಗಳ ಅಂಚು ದಟ್ಟವಾಗುತ್ತದೆ. ಹಾರ್ಮೋನ್ ಮಾತ್ರೆ ಶುರುವಾದ ಮೊದಲ ಮೂರು ತಿಂಗಳಲ್ಲಿ ತೆಗೆದ ಬೋನ್ ಸ್ಕ್ಯಾನಿನಲ್ಲಿ ಹೊಸ ಕಪ್ಪು ಚುಕ್ಕೆ ಕಂಡರೆ ಅದು ರೋಗ ಹೆಚ್ಚಿದ್ದೂ ಇರಬಹುದು, ಮೊದಲೇ ಇದ್ದ ಜಾಗ ವಾಸಿಯಾಗುತ್ತಿರುವುದೂ ಇರಬಹುದು. ನೋವು ಕಡಿಮೆಯಾಗಿದ್ದರೆ, ಬೇರೆ ಪರೀಕ್ಷೆಗಳು ಸುಧಾರಿಸಿದ್ದರೆ, ಔಷಧಿ ಬದಲಿಸುವ ಮೊದಲು ಕೆಲವು ವಾರ ಬಿಟ್ಟು ಮತ್ತೆ ನೋಡುವುದು ಸರಿ.

ಎಕ್ಸ್‌ರೇ ಸರಿಯಿದೆ ಎಂದರು. ನೋವು ಮಾತ್ರ ಹೋಗುತ್ತಿಲ್ಲ.

ಎಕ್ಸ್‌ರೇ ನಂಬಿ ಸುಮ್ಮನಾಗಬೇಡಿ. ಬೆನ್ನುಮೂಳೆಯಲ್ಲಿ 30ರಿಂದ 50 ಶೇಕಡಾ ಸುಣ್ಣ ಹೋಗುವ ತನಕ ಎಕ್ಸ್‌ರೇಯಲ್ಲಿ ತೂತು ಕಾಣದಿರಬಹುದು. ಟೆಕ್ನೀಶಿಯಂ ಬೋನ್ ಸ್ಕ್ಯಾನ್ ತೋರಿಸುವುದು ಕಟ್ಟುವ ಕೋಶಗಳ ಚಟುವಟಿಕೆಯನ್ನು. ಬರೀ ಕರಗುವುದೇ ನಡೆದಿದ್ದರೆ ಅದೂ ತಪ್ಪಿಸಬಹುದು. ಮಜ್ಜೆಯನ್ನೇ ನೋಡುವುದು ಎಂಆರ್‌ಐ. ಇಡೀ ದೇಹಕ್ಕೆ ಪೆಟ್ ಸಿಟಿ.

ನಮ್ಮ ಕಡೆ ಎರಡು ಗೊಂದಲಗಳು ಆಗುತ್ತವೆ. ಒಂದು, ಬೆನ್ನುಮೂಳೆಯ ಕ್ಷಯ. ಕ್ಷಯ ಸಾಮಾನ್ಯವಾಗಿ ಎರಡು ಮೂಳೆಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ, ಪಕ್ಕದಲ್ಲಿ ಕೀವು ಕಟ್ಟುತ್ತದೆ. ಕ್ಯಾನ್ಸರ್ ಡಿಸ್ಕನ್ನು ಬಹುತೇಕ ಬಿಟ್ಟು ಮೂಳೆಯನ್ನೂ ಅದರ ಹಿಂಬದಿಯ ಕೊಂಡಿಯನ್ನೂ ತಿನ್ನುತ್ತದೆ. ಅನುಮಾನ ಉಳಿದರೆ ಬಯಾಪ್ಸಿಯೇ ದಾರಿ. ಅಂದಾಜಿನ ಮೇಲೆ ಕ್ಷಯದ ಮಾತ್ರೆ ನುಂಗಿಸುತ್ತಾ ತಿಂಗಳುಗಟ್ಟಲೆ ಕಾಯುವುದು ತಪ್ಪು.

ಇನ್ನೊಂದು, ಫ್ಲೋರೋಸಿಸ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು, ಕೊಪ್ಪಳದ ಕೆಲವು ಊರುಗಳಲ್ಲಿ ದಶಕಗಳ ಕಾಲ ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದವರ ಮೂಳೆ ದಟ್ಟವಾಗಿ, ಎಕ್ಸ್‌ರೇಯಲ್ಲಿ ಸ್ಕ್ಲೆರೋಟಿಕ್ ಕ್ಯಾನ್ಸರಿನಂತೆ ಕಾಣಬಹುದು. ಫ್ಲೋರೋಸಿಸ್ ಇಡೀ ಬೆನ್ನಿಗೆ ಒಂದೇ ಸಮನೆ ಹರಡಿರುತ್ತದೆ, ಕಟ್ಟುನಾರುಗಳಿಗೆ ಸುಣ್ಣ ಹತ್ತಿರುತ್ತದೆ. ಮುಂಗೈಯ ಎಕ್ಸ್‌ರೇ ತೆಗೆಸಿದರೆ ಎರಡು ಮೂಳೆಗಳ ನಡುವಿನ ಪೊರೆಯೂ ಬೆಳ್ಳಗೆ ಗಟ್ಟಿಯಾಗಿದ್ದು ಕಾಣುತ್ತದೆ. ಯಾವ ಊರಿನ ನೀರು ಎಷ್ಟು ವರ್ಷ ಕುಡಿದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಮೂಳೆಯೊಳಗಿನ ಗೆಡ್ಡೆ ಇಷ್ಟು ನೋಯುವುದು ಯಾಕೆ?

ಆಸ್ಟಿಯೋಕ್ಲಾಸ್ಟ್ ಬಿಡುವ ಆಮ್ಲವೇ ಮೂಳೆಯ ನರತುದಿಗಳನ್ನು ಕೆರಳಿಸುತ್ತದೆ. ಗೆಡ್ಡೆ ಬಿಡುವ ನರವರ್ಧಕ ಪ್ರೋಟೀನಿನಿಂದ ಹೊಸ ನರತುದಿಗಳೂ ಚಿಗುರುತ್ತವೆ. ಮೂಳೆ ತೆಳುವಾದಂತೆ ಭಾರ ಹಾಕಿದಾಗ ಮೇಲಿನ ಪೊರೆ ಎಳೆದಂತಾಗಿ ಚುಚ್ಚುತ್ತದೆ. ರಾತ್ರಿ ಮಲಗಿದಾಗಲೂ ಹೋಗದ ನೋವು, ದಿನದಿಂದ ದಿನಕ್ಕೆ ಏರುವ ನೋವು, ಒಂದೇ ಜಾಗ ಬೆರಳಿಟ್ಟು ತೋರಿಸಬಹುದಾದ ನೋವು: ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದವರಲ್ಲಿ ಇದನ್ನು ‘ವಯಸ್ಸಾಯ್ತು, ವಾಯು’ ಎಂದು ತಳ್ಳಿಹಾಕಬಾರದು.

ಒಂದೇ ಜಾಗದ ನೋವಿಗೆ ರೇಡಿಯೇಷನ್, ಜನ ‘ಕರೆಂಟ್ ಕೊಡೋದು’ ಎನ್ನುವುದು, ಒಳ್ಳೆಯ ಉಪಾಯ. ಒಂದೇ ದಿನ 8 ಗ್ರೇ (ವಿಕಿರಣದ ಅಳತೆ) ಕೊಟ್ಟರೂ, ಐದು ದಿನ ಸೇರಿ 20 ಗ್ರೇ ಅಥವಾ ಹತ್ತು ದಿನ ಸೇರಿ 30 ಗ್ರೇ ಕೊಟ್ಟರೂ ನೋವು ಇಳಿಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಒಂದೇ ದಿನದ್ದಾದರೆ ಮುಂದೆ ಮತ್ತೊಮ್ಮೆ ಬೇಕಾಗುವ ಸಂಭವ ಹೆಚ್ಚು. ಆದರೂ ದೂರದ ಊರಿಂದ ಬಸ್ಸಿನಲ್ಲಿ ಬರುವವರಿಗೆ ಒಂದೇ ದಿನದ್ದು ದೊಡ್ಡ ಅನುಕೂಲ, ಕೇಳಿ ನೋಡಿ. ಮೊದಲ ಎರಡು ಮೂರು ದಿನ ನೋವು ಏರಬಹುದು, ಇಳಿಯಲು ಕೆಲವು ವಾರ ಹಿಡಿಯಬಹುದು.

ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ ಎಂದರು. ಅದು ಅಪಾಯವೇ?

ಹೌದು. ಕರಗಿದ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೇ ಬರುತ್ತದೆ. ಪಿಟಿಎಚ್‌ಆರ್‌ಪಿ ಕಿಡ್ನಿಗೂ ಹೇಳಿ ಅದನ್ನು ಮೂತ್ರದಲ್ಲಿ ಹೋಗದಂತೆ ಹಿಡಿದಿಡುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಆಮೇಲೆ ಮಂಕು, ತಪ್ಪು ಮಾತು. ‘ಕೀಮೋ ಸುಸ್ತು’ ಎಂದು ಮನೆಯವರು ಬಿಟ್ಟುಬಿಡುವುದು ಇದನ್ನೇ.

ವರದಿ ಓದುವಾಗ ರಕ್ತದ ಪ್ರೋಟೀನಾದ ಅಲ್ಬುಮಿನ್ ಕೂಡ ನೋಡಿ. ಅದು ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳೇ ಸರಿಯಿರುವಂತೆ ಕಾಣುತ್ತದೆ. 4ರಿಂದ ಅಲ್ಬುಮಿನ್ ಕಳೆದು, ಬಂದದ್ದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಿ. ಕ್ಯಾಲ್ಸಿಯಂ 10.4, ಅಲ್ಬುಮಿನ್ 2.5 ಇದ್ದರೆ ನಿಜವಾದದ್ದು 11.6. ಹೆಚ್ಚಿನ ಲ್ಯಾಬ್‌ಗಳ ಮೇಲ್ಮಿತಿ 10.5ರ ಆಸುಪಾಸು. ಆಸ್ಪತ್ರೆಯಲ್ಲಿ ಮೊದಲು ಸಲೈನ್, ಆಮೇಲೆ ಝೋಲೆಡ್ರೋನಿಕ್ ಆಮ್ಲ ಎಂಬ ಮೂಳೆಯ ಸೂಜಿ. ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕು. ಬಿಪಿಗೆ ಥಯಾಝೈಡ್ ಜಾತಿಯ ಮಾತ್ರೆ ಇದ್ದರೆ ತಿಳಿಸಬೇಕು, ಅದೂ ಕ್ಯಾಲ್ಸಿಯಂ ಏರಿಸುತ್ತದೆ.

ಮೂಳೆಯ ಸೂಜಿ ಏನು ಮಾಡುತ್ತದೆ? ಝೋಲೆಡ್ರೋನಿಕ್, ಡೆನೋಸುಮಾಬ್ ಎರಡರಲ್ಲಿ ಯಾವುದು ಒಳ್ಳೆಯದು?

ಝೋಲೆಡ್ರೋನಿಕ್ ಆಮ್ಲ ಮೂಳೆಯ ಸುಣ್ಣಕ್ಕೆ ಅಂಟಿಕೊಂಡು ಕೂರುತ್ತದೆ. ಆಸ್ಟಿಯೋಕ್ಲಾಸ್ಟ್ ಆ ಜಾಗ ಕೊರೆದಾಗ ಮೂಳೆಯ ಜೊತೆ ಇದನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಒಳಗೆ ಹೋದ ಔಷಧಿ ಫಾರ್ನೆಸಿಲ್ ಪೈರೋಫಾಸ್ಫೇಟ್ ಸಿಂಥೇಸ್ ಎಂಬ ಕಿಣ್ವವನ್ನು ತಡೆದು, ನೆರಿಗೆ ಮತ್ತು ಅಂಟುವ ಉಂಗುರ ಉಳಿಸಿಕೊಳ್ಳಲು ಬೇಕಾದ ಚಿಕ್ಕ ಪ್ರೋಟೀನುಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹೆಚ್ಚು ತಿನ್ನುವ ಕೋಶಕ್ಕೇ ಹೆಚ್ಚು ಏಟು. ಡೆನೋಸುಮಾಬ್ ಬೇರೆ ದಾರಿ: ಓಪಿಜಿ ಮಾಡುವ ಕೆಲಸವನ್ನೇ ಮಾಡುವ ಆ್ಯಂಟಿಬಾಡಿ, ರ‍್ಯಾಂಕ್-ಎಲ್ ಕೀಲಿಯನ್ನು ಹಿಡಿದಿಡುತ್ತದೆ.

ಝೋಲೆಡ್ರೋನಿಕ್ ಆಮ್ಲ 4 ಮಿಲಿಗ್ರಾಂ, 100 ಮಿಲಿ ಸಲೈನಿನಲ್ಲಿ, ಕನಿಷ್ಠ 15 ನಿಮಿಷ ಹಿಡಿದು ಡ್ರಿಪ್. ಬೇಗ ಬಿಟ್ಟರೆ ಕಿಡ್ನಿಗೆ ಪೆಟ್ಟು. ರಿಂಗರ್ ಲ್ಯಾಕ್ಟೇಟ್‌ನಂಥ ಕ್ಯಾಲ್ಸಿಯಂ ಇರುವ ಬಾಟಲಿಯಲ್ಲಿ ಬೆರೆಸಬಾರದು. ಪ್ರತಿ ಸಲವೂ ಮೊದಲು ಕ್ರಿಯಾಟಿನಿನ್ ನೋಡಬೇಕು: ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಳತೆ) 50ರಿಂದ 60 ಇದ್ದರೆ 3.5, 40ರಿಂದ 49ಕ್ಕೆ 3.3, 30ರಿಂದ 39ಕ್ಕೆ 3 ಮಿಲಿಗ್ರಾಂ, 30ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ; ಪ್ಯಾರಾಸಿಟಮಾಲ್ ಸಾಕು. ಹಿಂದೆ ತಿಂಗಳಿಗೊಮ್ಮೆ ಕೊಡುತ್ತಿದ್ದರು. 12 ವಾರಕ್ಕೊಮ್ಮೆ ಕೊಟ್ಟರೂ ಫಲ ಕಡಿಮೆಯಾಗುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿದವು.

ಡೆನೋಸುಮಾಬ್ 120 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ, ಚರ್ಮದ ಕೆಳಗೆ. ಮೂಳೆ ಸವೆಯುವ ಆಸ್ಟಿಯೋಪೊರೋಸಿಸ್‌ಗೆ ಆರು ತಿಂಗಳಿಗೊಮ್ಮೆ ಕೊಡುವ 60 ಮಿಲಿಗ್ರಾಂ ಸೂಜಿಯೂ ಇದೇ ಔಷಧಿ, ಪ್ರಮಾಣ ಬೇರೆ. ಅಂಗಡಿಯಲ್ಲಿ ಅದಲುಬದಲಾಗದಂತೆ ಡಬ್ಬಿ ನೋಡಿ ತನ್ನಿ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಅಲುಗಾಡಿಸಬಾರದು. 2010ರ ಹೋಲಿಕೆ ಅಧ್ಯಯನದಲ್ಲಿ ಮುರಿತದಂಥ ಮೊದಲ ತೊಂದರೆಯನ್ನು ಇದು ಝೋಲೆಡ್ರೋನಿಕ್‌ಗಿಂತ ಹೆಚ್ಚು ಮುಂದಕ್ಕೆ ಹಾಕಿತು. ಅಪಾಯ ಸುಮಾರು 18 ಶೇಕಡಾ ಕಡಿಮೆ. ಬದುಕುವ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕಿಡ್ನಿ ಚೆನ್ನಾಗಿದ್ದು ಖರ್ಚು ಭಾರವಾಗುವ ಮನೆಯವರು ಮೂರು ತಿಂಗಳಿಗೊಮ್ಮೆ ಝೋಲೆಡ್ರೋನಿಕ್ ತೆಗೆದುಕೊಂಡರೆ ದೊಡ್ಡದೇನನ್ನೋ ಕಳೆದುಕೊಂಡೆವು ಎಂದು ಬೇಸರಪಡಬೇಕಿಲ್ಲ. ಇನ್ನೊಂದು ವ್ಯತ್ಯಾಸ: ಝೋಲೆಡ್ರೋನಿಕ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡೆನೋಸುಮಾಬ್ ಉಳಿಯುವುದಿಲ್ಲ, ಥಟ್ಟನೆ ನಿಲ್ಲಿಸಿದರೆ ತಡೆದಿಟ್ಟ ಆಸ್ಟಿಯೋಕ್ಲಾಸ್ಟ್‌ಗಳು ಒಟ್ಟಿಗೇ ಎದ್ದು ಬೆನ್ನುಮೂಳೆಗಳು ಕುಸಿಯಬಹುದು.

ಸೂಜಿಗೆ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕಳಿಸುತ್ತಾರೆ?

ಕೆಡವುವ ಕೆಲಸ ನಿಂತ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಕೆಲವೊಮ್ಮೆ ಮಾಯದೆ, ಮೂಳೆ ಬರಿದಾಗಿ ಸಾಯಬಹುದು. ಕೀಳಬೇಕಾದ ಹಲ್ಲನ್ನು ಮೊದಲೇ ಕಿತ್ತು, ಗಾಯ ಮಾಯ್ದ ಮೇಲೆ ಸೂಜಿ ಶುರು ಮಾಡಿಸಿ. ಆಮೇಲೆ ಹಲ್ಲು ಕೀಳಿಸುವ ಸಂದರ್ಭ ಬಂದರೆ ಈ ಸೂಜಿಯ ವಿಷಯ ದಂತವೈದ್ಯರಿಗೆ ಹೇಳದೆ ಕುರ್ಚಿಯ ಮೇಲೆ ಕೂರಬೇಡಿ.

ರಾಗಿ, ಹಾಲು, ಕ್ಯಾಲ್ಸಿಯಂ ಮಾತ್ರೆಯಿಂದ ತೂತು ತುಂಬುತ್ತದೆಯೇ?

ತುಂಬುವುದಿಲ್ಲ. ತೊಂದರೆ ಇರುವುದು ಸರಕಿನ ಕೊರತೆಯಲ್ಲಿ ಅಲ್ಲ, ಕೆಡವುವವರ ಹಾವಳಿಯಲ್ಲಿ. ಆದರೆ ಸೂಜಿ ಶುರುವಾದ ಮೇಲೆ ಮಾತು ಬೇರೆ. ಮೂಳೆಯಿಂದ ಕ್ಯಾಲ್ಸಿಯಂ ಬರುವುದು ನಿಂತು ರಕ್ತದಲ್ಲಿ ಅದು ತೀರಾ ಇಳಿಯಬಹುದು: ಬಾಯಿ ಸುತ್ತ ಜುಮುಗುಟ್ಟುವುದು, ಬೆರಳು ಸೆಟೆದುಕೊಳ್ಳುವುದು. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯವಾದ್ದರಿಂದ ಮೊದಲೇ ಪರೀಕ್ಷಿಸಿ ಸರಿಪಡಿಸಬೇಕು. ರಕ್ತದ ಕ್ಯಾಲ್ಸಿಯಂ ಏರಿರದಿದ್ದರೆ ದಿನಕ್ಕೆ ಕನಿಷ್ಠ 500 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ವಿಟಮಿನ್ ಡಿ ಜೊತೆಗಿರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ.

ಲೆಟ್ರೋಝೋಲ್ ಮಾತ್ರೆಯಿಂದ ಮೂಳೆ ಸವೆಯುತ್ತದಂತೆ. ಅದೂ ಇದೂ ಒಂದೇನಾ?

ಬೇರೆ. ಈಸ್ಟ್ರೋಜೆನ್ ಸಹಜವಾಗಿ ರ‍್ಯಾಂಕ್-ಎಲ್ ಅನ್ನು ಹಿಡಿತದಲ್ಲಿಡುತ್ತದೆ. ಮಾತ್ರೆ ಈಸ್ಟ್ರೋಜೆನ್ ಇಳಿಸಿದಾಗ ಮೂಳೆಯೆಲ್ಲ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಅಲ್ಲಿ ಕ್ಯಾನ್ಸರ್ ಕೋಶ ಇರುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಮಾತ್ರೆ ಬಿಡಬೇಡಿ. ರೋಗ ಹರಡದಿದ್ದರೂ ಮುಟ್ಟು ನಿಂತ ಮಹಿಳೆಯರಿಗೆ ಆರಂಭದಲ್ಲೇ ಝೋಲೆಡ್ರೋನಿಕ್‌ನಂಥ ಔಷಧಿ ಕೊಟ್ಟರೆ ಮೂಳೆಯಲ್ಲಿ ಮರುಕಳಿಸುವುದು ಸುಮಾರು ಕಾಲುಭಾಗದಷ್ಟು ತಗ್ಗಿದ್ದು, 18,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ ಕಂಡಿತು. ಮುಟ್ಟು ನಿಲ್ಲದವರಲ್ಲಿ ಆ ಲಾಭ ಕಾಣಲಿಲ್ಲ.

ಯಾವ ಮೂಳೆ ಮುರಿಯುತ್ತದೆ ಎಂದು ಮೊದಲೇ ಗೊತ್ತಾಗುತ್ತದೆಯೇ?

ಕೈಕಾಲಿನ ಉದ್ದ ಮೂಳೆಗಳಿಗೆ 1989ರಿಂದ ಬಳಕೆಯಲ್ಲಿರುವ ಮಿರೆಲ್ಸ್ ಅಂಕ ಇದೆ. ಜಾಗ, ನೋವು, ತೂತಿನ ಬಗೆ, ಮೂಳೆಯ ಅಗಲದಲ್ಲಿ ಎಷ್ಟು ಭಾಗ ಹೋಗಿದೆ: ನಾಲ್ಕಕ್ಕೂ 1ರಿಂದ 3 ಅಂಕ, ಒಟ್ಟು 12. ತೊಡೆಮೂಳೆಯ ಮೇಲ್ತುದಿಗೆ 3, ನಡೆದಾಗ ಬರುವ ನೋವಿಗೆ 3, ಲೈಟಿಕ್‌ಗೆ 3, ಮೂರನೇ ಎರಡಕ್ಕಿಂತ ಹೆಚ್ಚು ಹೋಗಿದ್ದರೆ 3. ಒಟ್ಟು 9 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುರಿಯುವ ಮೊದಲೇ ರಾಡ್ ಹಾಕಿಸುವುದು ಲೇಸು. 8 ಬಂದರೆ ಯೋಚಿಸಬೇಕಾದ ಗಡಿ. ಮುರಿದ ಮೇಲೆ ಹಾಕುವ ರಾಡಿಗಿಂತ ಮೊದಲೇ ಹಾಕಿದ್ದರಲ್ಲಿ ರಕ್ತ ಕಡಿಮೆ ಹೋಗುತ್ತದೆ, ಬೇಗ ನಡೆಯಬಹುದು. ಆಪರೇಷನ್ ಆದ ಮೇಲೆ ಆ ಜಾಗಕ್ಕೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಾಗುತ್ತದೆ. ರಾಡು ಭಾರ ಹೊರುತ್ತದೆ, ಕೋಶಗಳನ್ನು ಕೊಲ್ಲುವುದಿಲ್ಲ.

ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ಬೆನ್ನು ತುಳಿಸುವುದು, ನಟಿಕೆ ತೆಗೆಸುವುದು, ನಾಟಿ ಕಟ್ಟು ಬಿಗಿಸುವುದು ರೋಗ ಇಳಿದ ಮೂಳೆಗೆ ಬೇಡವೇ ಬೇಡ. ಸವರಿದಂತೆ ಎಣ್ಣೆ ಹಚ್ಚಲು ಅಡ್ಡಿಯಿಲ್ಲ.

ಯಾವಾಗ ಬೆಳಗಾಗುವವರೆಗೂ ಕಾಯಬಾರದು?

ಕಾಲು ಸೋಲುವುದು, ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು, ಹೊಟ್ಟೆ ಅಥವಾ ಎದೆಯ ಸುತ್ತ ಪಟ್ಟಿ ಬಿಗಿದಂಥ ನೋವು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು. ಕುಸಿದ ಮೂಳೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ದಿನ ಇಡೀ ಬೆನ್ನಿನ ಎಂಆರ್‌ಐ ಆಗಬೇಕು. ಅನುಮಾನ ಬಲವಾಗಿದ್ದರೆ ವೈದ್ಯರು ಊತ ಇಳಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮೊದಲೇ ಶುರು ಮಾಡುತ್ತಾರೆ, ಆಮೇಲೆ 24 ಗಂಟೆಯೊಳಗೆ ಆಪರೇಷನ್ನೋ ರೇಡಿಯೇಷನ್ನೋ ಆಗಬೇಕು. ಚಿಕಿತ್ಸೆ ಶುರುವಾಗುವ ಹೊತ್ತಿಗೆ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ನಡೆಯುತ್ತಲೇ ಉಳಿಯುತ್ತಾರೆ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಬಂದವರಲ್ಲಿ ಮತ್ತೆ ನಿಲ್ಲುವವರು ಕೆಲವರೇ. ಕರೆದೊಯ್ಯುವಾಗ ಕೂರಿಸಬೇಡಿ, ಗಟ್ಟಿ ಹಲಗೆಯ ಮೇಲೆ ನೇರವಾಗಿ ಮಲಗಿಸಿ. ತಿರುಗಿಸಬೇಕಾದರೆ ತಲೆ, ಭುಜ, ಸೊಂಟ ಒಟ್ಟಿಗೆ ಹೊರಳುವಂತೆ ಮೂವರು ಹಿಡಿಯಿರಿ. ಹಳೆಯ ಸ್ಕ್ಯಾನ್ ಮತ್ತು ಬಯಾಪ್ಸಿ ವರದಿಯ ಚೀಲ ಜೊತೆಗಿರಲಿ.